ಶೆಡ್ಡಿನಲ್ಲಿ ನಿಂತ ಉಪ್ಪನ ಕಾರು

ಕಲ್ಲಡ್ಕದಿಂದ ಮಾಣಿಗೆ, ವಿಟ್ಲಕ್ಕೆ, ಪಾಣೆಮಂಗಳೂರಿಗೆ ಹೋಗುವ ದಾರಿಯ ಒಳಗಿನ ಕೆಲವು ಹಳೆಯ ಮನೆಗಳಲ್ಲಿ ಇಂದಿಗೂ ಒಂದು ನೋಟ ಕಾಣಸಿಗುತ್ತದೆ. ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡು. ಒಳಗೆ ಟರ್ಪಾಲು ಹೊದ್ದುಕೊಂಡು ನಿಂತ ಅಂಬಾಸಿಡರ್ ಅಥವಾ ಫಿಯಟ್ ಕಾರು. ಮೇಲೆ ಅಡಿಕೆಯ ಖಾಲಿ ಗೋಣಿಗಳು, ಹಿಂದಿನ ಸೀಟಿನಲ್ಲಿ ಮೊಟ್ಟೆಗೆ ಕೂತ ಕೋಳಿ. ಯಜಮಾನರು ತೀರಿಹೋಗಿ ಹತ್ತು ಹದಿನೈದು ವರ್ಷಗಳಾಗಿರುತ್ತವೆ. ಅಂದಿನಿಂದ ಕಾರು ಕದಲಿಲ್ಲ.

ಈ ಕಾರನ್ನು ಏನು ಮಾಡುವುದು? ಮನೆಯಲ್ಲಿ ಈ ಮಾತು ಬಂದಾಗಲೆಲ್ಲ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ಒಬ್ಬ ಮಗ, "ಗುಜರಿಗೆ ಕೊಡುವ, ಜಾಗವಾದರೂ ಖಾಲಿಯಾಗಲಿ" ಎನ್ನುತ್ತಾನೆ. ಗಲ್ಫಿನಲ್ಲಿರುವ ಇನ್ನೊಬ್ಬ, "ಮುಟ್ಟಬೇಡಿ, ನಾನು ಊರಿಗೆ ಬಂದು ರಿಪೇರಿ ಮಾಡಿಸುತ್ತೇನೆ" ಎಂದು ಫೋನಿನಲ್ಲಿ ಹೇಳುತ್ತಾನೆ. ಉಮ್ಮ ಮಾತ್ರ ಏನೂ ಹೇಳುವುದಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಕೇಳುವವರೇ ಇಲ್ಲ.

ಈಚೆಗೆ ಹಳೆಯ ಕಾರುಗಳ ಬಗ್ಗೆ ಯುವಕರಲ್ಲಿ ಒಲವು ಹೆಚ್ಚಿದೆ. ಅಜ್ಜನ ಕಾರನ್ನು ಮತ್ತೆ ರಸ್ತೆಗಿಳಿಸುವ ಆಸೆ ಒಳ್ಳೆಯದೇ. ಆದರೆ ಹೆಚ್ಚಿನವರು ನೇರವಾಗಿ ಮೆಕ್ಯಾನಿಕ್‌ನನ್ನು ಕರೆತರುತ್ತಾರೆ. ನಿಜವಾಗಿ ನೋಡಿದರೆ ಎಂಜಿನ್ ಮೂರನೆಯ ಕೆಲಸ. ಮೊದಲನೆಯದು ಹಕ್ಕು, ಎರಡನೆಯದು ಕಾಗದಪತ್ರ. ಈ ಕ್ರಮ ತಪ್ಪಿದರೆ ಕಾರು ಓಡಿದರೂ ಸಂಬಂಧಗಳು ನಿಂತುಹೋಗುತ್ತವೆ.

ಆ ಕಾರುಗಳ ಕಾಲ

ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. ಕೊಲ್ಕತ್ತಾ ಸಮೀಪದ ಉತ್ತರಪಾರಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿ ಅದನ್ನು 1950ರ ದಶಕದ ಕೊನೆಯಿಂದ ತಯಾರಿಸಿತು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಕೆಲಸ ನಿಂತಿತು. ಫಿಯಟ್ 1100 ಕಾರನ್ನು ಮುಂಬೈಯ ಪ್ರೀಮಿಯರ್ ಕಂಪೆನಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಹೆಸರು ಬದಲಾದರೂ ನಮ್ಮವರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ.

ನಮ್ಮ ಜಿಲ್ಲೆಯಲ್ಲಿ ಅಂಬಾಸಿಡರ್ ಬರೀ ಶ್ರೀಮಂತರ ಕಾರಾಗಿರಲಿಲ್ಲ. ಅದು ಟ್ಯಾಕ್ಸಿಯಾಗಿ ಅನೇಕ ಕುಟುಂಬಗಳಿಗೆ ಅನ್ನ ಕೊಟ್ಟಿತು. ಸ್ಟೇರಿಂಗ್ ಪಕ್ಕದಲ್ಲೇ ಹ್ಯಾಂಡ್ ಗೇರ್ ಇದ್ದುದರಿಂದ ಮುಂದಿನ ಉದ್ದ ಸೀಟಿನಲ್ಲೂ ಮೂವರು ನಾಲ್ವರು ಕೂರುತ್ತಿದ್ದರು. ಕಲ್ಲಡ್ಕದ ಹೆದ್ದಾರಿ ಬದಿಯಲ್ಲಿ ಕೆ.ಟಿ. ಕುಡಿಯಲು ನಿಲ್ಲುತ್ತಿದ್ದ ವಾಹನಗಳ ಸಾಲಿನಲ್ಲಿ ಅಂಬಾಸಿಡರ್ ಇಲ್ಲದ ದಿನವಿರಲಿಲ್ಲ.

ಬಜ್ಪೆಯ ವಿಮಾನ ನಿಲ್ದಾಣ 1951ರಲ್ಲೇ ಆರಂಭವಾದರೂ ಅಲ್ಲಿಂದ ಗಲ್ಫಿಗೆ ನೇರ ವಿಮಾನ ಬಂದದ್ದು 2006ರಲ್ಲಿ. ಅದಕ್ಕೆ ಮೊದಲು ಗಲ್ಫಿಗೆ ಹೊರಟವರು ಮುಂಬೈ ದಾರಿ ಹಿಡಿಯಬೇಕಿತ್ತು. ಬಸ್ಸಿನವರೆಗೆ ಬಿಟ್ಟು ಬರಲು ಬಾಡಿಗೆಗೆ ಹಿಡಿಯುತ್ತಿದ್ದದ್ದು ಇದೇ ಕಾರು. ನಡುರಾತ್ರಿಯ ಹೆರಿಗೆ ನೋವು, ಮದುಮಗಳ ದಿಬ್ಬಣ, ಬಾಣಂತಿಯನ್ನು ತವರಿಗೆ ಕರೆತರುವುದು, ಆಸ್ಪತ್ರೆಯಿಂದ ಮಯ್ಯಿತ್ ತರುವುದು... ಎಲ್ಲಕ್ಕೂ ಅದೇ. ಆದ್ದರಿಂದ ಆ ಕಾರಿನ ನೆನಪು ಗಂಡಸರಿಗಿಂತ ಹೆಂಗಸರಿಗೆ ಕಡಿಮೆಯಿಲ್ಲ. ಆದರೆ ಅದರ ಕಾಗದದಲ್ಲಿ ಹೆಂಗಸರ ಹೆಸರು ಇದ್ದದ್ದು ಅಪರೂಪ.

ಮೊದಲ ಕೆಲಸ: ಕಾರು ಯಾರದ್ದು?

ಉಪ್ಪ ತೀರಿದ ಕ್ಷಣದಿಂದ ಕಾರು ಹಿರಿಯ ಮಗನದ್ದಲ್ಲ, ಕೀಲಿಕೈ ಇದ್ದವನದ್ದೂ ಅಲ್ಲ. ಅದು ಎಲ್ಲ ವಾರಸುದಾರರದ್ದು. ಬಿಟ್ಟುಹೋದ ಸೊತ್ತು ಕಡಿಮೆಯಿರಲಿ, ಹೆಚ್ಚಿರಲಿ, ಅದರಲ್ಲಿ ಗಂಡಸರಿಗೂ ಹೆಂಗಸರಿಗೂ ಪಾಲಿದೆ ಎಂದು ಅನ್ನಿಸಾ ಅಧ್ಯಾಯದಲ್ಲಿ ಅಲ್ಲಾಹನು ಸ್ಪಷ್ಟಪಡಿಸಿದ್ದಾನೆ. ಜಮೀನಿಗೆ, ಚಿನ್ನಕ್ಕೆ ಅನ್ವಯಿಸುವ ಈ ಮಾತು ತುಕ್ಕು ಹಿಡಿದ ಕಾರಿಗೂ ಅನ್ವಯಿಸುತ್ತದೆ. ಆದರೆ ಜಮೀನಿಗೆ ಪಾಲು ಕೇಳುವವರೂ ಕಾರಿನ ವಿಷಯ ಬಂದಾಗ, "ನಿನಗೇಕಮ್ಮಾ ಕಾರು? ನಿನಗೆ ಡ್ರೈವಿಂಗ್ ಬರುತ್ತದೆಯೇ?" ಎಂಬ ಒಂದು ನಗುವಿಗೆ ಸುಮ್ಮನಾಗಿ ಬಿಡುತ್ತಾರೆ.

ಪಾಲಿಗೆ ಮೊದಲು ಸಾಲ. ಮಯ್ಯಿತ್ ಸಂಸ್ಕಾರದ ಖರ್ಚು ಕಳೆದು, ಮೃತರ ಸಾಲ ತೀರಿಸಿ, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗ ಮೀರದಂತೆ ಅದನ್ನು ನೆರವೇರಿಸಿ, ಉಳಿದದ್ದನ್ನು ಹಂಚಬೇಕು. ಪತ್ನಿಗೆ ಮಹ್ರ್ ಕೊಡಲು ಬಾಕಿಯಿದ್ದರೆ ಅದೂ ಸಾಲವೇ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ!

ಸಾಲ ಉಳಿದ ಕಾರಿನ ಕತೆಯೊಂದು ಇಡೀ ದೇಶಕ್ಕೆ ಗೊತ್ತಿದೆ. ಪ್ರಧಾನಿಯಾಗಿದ್ದ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ 12,000 ರೂಪಾಯಿಯ ಒಂದು ಫಿಯಟ್ ಕಾರು ಕೊಂಡರು. ಕೈಯಲ್ಲಿ ಸಾಕಷ್ಟು ಹಣವಿಲ್ಲದೆ ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ 5,000 ರೂಪಾಯಿ ಸಾಲ ಮಾಡಿದ್ದರು. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿಯಿತ್ತು. ಪತ್ನಿ ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರನ್ನು ದಿಲ್ಲಿಯ ಶಾಸ್ತ್ರಿ ಸ್ಮಾರಕದಲ್ಲಿ ಇಡಲಾಗಿದೆ. ಕಾರಿನ ಮುಂದೆ ನಿಂತು ಶಾಸ್ತ್ರಿಯವರ ಸರಳತೆಯನ್ನು ಹೊಗಳುವವರು ಸಾಲ ತೀರಿಸಿದ ಆ ಹೆಣ್ಣುಮಗಳನ್ನೂ ನೆನೆಯಬೇಕು.

ಇನ್ನು ಹಂಚಿಕೆ. ಒಂದು ಉದಾಹರಣೆ ನೋಡೋಣ. ಮೃತರಿಗೆ ಪತ್ನಿ, ಮೂವರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆ. ತಂದೆತಾಯಿ ಬದುಕಿಲ್ಲ. ಪತ್ನಿಗೆ ಎಂಟನೇ ಒಂದು. ಉಳಿದ ಏಳು ಭಾಗದಲ್ಲಿ ಗಂಡುಮಕ್ಕಳಿಗೆ ತಲಾ ಎರಡು, ಮಗಳಿಗೆ ಒಂದು. ನಿಂತ ಕಾರಿಗೆ 80,000 ರೂಪಾಯಿ ಬೆಲೆ ಬಂದರೆ ಉಮ್ಮನಿಗೆ 10,000, ಮಗಳಿಗೆ 10,000, ಗಂಡುಮಕ್ಕಳಿಗೆ ತಲಾ 20,000. ವಾರಸುದಾರರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ತಿಳಿದ ಆಲಿಮರಿಂದ ಬರೆಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ಮುಖ್ಯವಾದ ಎರಡು ಮಾತುಗಳಿವೆ.

ಒಂದು, ಬೆಲೆ ಕಟ್ಟುವುದು ರಿಪೇರಿಗೆ ಮೊದಲು. ಕಾರನ್ನು ನಿಂತ ಸ್ಥಿತಿಯಲ್ಲೇ ಇಬ್ಬರು ಬೇರೆ ಬೇರೆ ಮೆಕ್ಯಾನಿಕ್‌ಗಳಿಗೆ ತೋರಿಸಿ, ಬೆಲೆ ಬರೆದಿಡಿ. ಮಾಡಿಸಲು ಇಚ್ಛಿಸುವವರು ಉಳಿದವರ ಪಾಲನ್ನು ಕೊಟ್ಟು ಕಾರನ್ನು ತಮ್ಮದಾಗಿಸಿಕೊಳ್ಳಲಿ. ಆ ಬಳಿಕ ಅವರು ಎಷ್ಟು ಖರ್ಚು ಮಾಡಿದರೂ, ಕಾರಿಗೆ ಎಷ್ಟು ಬೆಲೆ ಬಂದರೂ ಅದು ಅವರದ್ದು. ಹಾಗಲ್ಲದೆ ರಿಪೇರಿ ಮುಗಿದ ಮೇಲೆ ಲೆಕ್ಕಕ್ಕೆ ಕೂತರೆ, "ನಾನು ಇಷ್ಟು ಸುರಿದೆ" ಎಂದು ಅವರು, "ಈಗ ಇಷ್ಟು ಬೆಲೆ ಬಾಳುತ್ತದೆ" ಎಂದು ಇವರು. ಈ ಜಗಳಕ್ಕೆ ಕೊನೆಯಿಲ್ಲ. ಎಲ್ಲರೂ ಸೇರಿ ಇಟ್ಟುಕೊಳ್ಳುವುದಾದರೆ ಯಾರು ಎಷ್ಟು ಹಾಕುವುದು, ಯಾರ ಮನೆಯಲ್ಲಿ ನಿಲ್ಲಿಸುವುದು, ಮಾರಿದರೆ ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ.

ಎರಡು, ನಾಚಿಕೆಯಿಂದ ಬಿಟ್ಟುಕೊಟ್ಟದ್ದು ಬಿಟ್ಟುಕೊಟ್ಟದ್ದಲ್ಲ. ತನ್ನ ಪಾಲೆಷ್ಟು ಎಂದು ತಿಳಿದು, ಮನಃಪೂರ್ವಕ "ಅಣ್ಣನಿಗೇ ಇರಲಿ" ಎಂದು ತಂಗಿ ಹೇಳಿದರೆ ಅದು ಉಡುಗೊರೆ. ಕೇಳದೆಯೇ ಮೌನವನ್ನು ಒಪ್ಪಿಗೆಯೆಂದು ತಿಳಿದರೆ ಅದು ಹಕ್ಕು ನುಂಗಿದಂತೆ. ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದರೆ ಅವರ ಪಾಲನ್ನು ಬಿಟ್ಟುಕೊಡುವ ಅಧಿಕಾರ ಯಾರಿಗೂ ಇಲ್ಲ.

ಎರಡನೆಯ ಕೆಲಸ: ಕಾಗದಪತ್ರ

ಹಳೆಯ ಪೆಟ್ಟಿಗೆ, ಕಪಾಟು ಹುಡುಕಿ. ಆರ್‌ಸಿ ಪುಸ್ತಕ, ತೆರಿಗೆ ರಶೀದಿ, ಹಳೆಯ ವಿಮೆ, ಏನು ಸಿಕ್ಕಿದರೂ ಬಿಸಾಡಬೇಡಿ. ಆರ್‌ಸಿ ಕಳೆದುಹೋಗಿದ್ದರೆ ಪೊಲೀಸ್ ಠಾಣೆಗೆ ದೂರು ಕೊಟ್ಟು ನಮೂನೆ 26ರಲ್ಲಿ ನಕಲು ಪ್ರತಿಗೆ ಅರ್ಜಿ ಸಲ್ಲಿಸಬೇಕು. ಬಹಳ ಹಳೆಯ ಕಾರುಗಳ ದಾಖಲೆ ಕಂಪ್ಯೂಟರಿಗೆ ಏರಿರುವುದಿಲ್ಲ. ಆಗ ಮೂಲ ಕಡತ ನೋಡಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕಾಗುತ್ತದೆ. ಬಂಟ್ವಾಳಕ್ಕೆ ಈಗ ಕೆಎ-70 ಸಂಖ್ಯೆಯ ಪ್ರತ್ಯೇಕ ಸಾರಿಗೆ ಕಚೇರಿ ಇದೆ. ಹಳೆಯ ಕಾರು ಮಂಗಳೂರಿನಲ್ಲಿ ನೋಂದಣಿಯಾಗಿದ್ದರೆ ಎಲ್ಲಿಂದ ಆರಂಭಿಸಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ. ಕಾರಿನ ಮೇಲಿರುವ ಚಾಸಿಸ್ ನಂಬರ್ ಮತ್ತು ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿಕೊಂಡರೆ ಅರ್ಧ ಅಲೆದಾಟ ತಪ್ಪುತ್ತದೆ. ಮೈಲೇಜಿಗಾಗಿ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ ಅಂಬಾಸಿಡರ್‌ಗಳು ಬಹಳ. ಆ ಬದಲಾವಣೆ ಆರ್‌ಸಿಯಲ್ಲಿ ನಮೂದಾಗಿರಬೇಕು.

ಮಾಲಕರು ತೀರಿಕೊಂಡಾಗ ವಾಹನವನ್ನು ವಾರಸುದಾರರ ಹೆಸರಿಗೆ ಮಾಡುವ ಅರ್ಜಿ ನಮೂನೆ 31. ಮರಣದ 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು, ಮೂರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ. ಮರಣ ಪ್ರಮಾಣಪತ್ರ, ಆರ್‌ಸಿ, ವಿಮೆ ಬೇಕು. ಉಳಿದ ವಾರಸುದಾರರ ಒಪ್ಪಿಗೆಯ ಅಫಿದಾವಿತ್ತನ್ನೂ ಸಾಮಾನ್ಯವಾಗಿ ಕೇಳುತ್ತಾರೆ. ಸಹೋದರಿಯರೇ, "ಇಲ್ಲೊಂದು ಸಹಿ ಹಾಕು" ಎಂದು ಬರುವ ಕಾಗದ ಇದೇ. ಓದಿ, ಅರ್ಥಮಾಡಿಕೊಂಡು, ನಿಮ್ಮ ಪಾಲಿನ ಮಾತು ಮುಗಿದ ಬಳಿಕ ಸಹಿ ಹಾಕಿ. ಆರ್‌ಸಿಯಲ್ಲಿ ಒಬ್ಬರ ಹೆಸರು ಬರುವುದು ಓಡಿಸುವ ಅನುಕೂಲಕ್ಕೆ. ಅದರಿಂದ ಉಳಿದವರ ಪಾಲು ಅಳಿಸಿಹೋಗುವುದಿಲ್ಲ. 2021ರಿಂದ ಆರ್‌ಸಿಯಲ್ಲಿ ನಾಮಿನಿಯ ಹೆಸರು ಸೇರಿಸಲು ಅವಕಾಶ ಬಂದಿದೆ. ಬದುಕಿರುವಾಗಲೇ ಅದನ್ನು ಮಾಡಿಟ್ಟರೆ ಮನೆಯವರಿಗೆ ಅಲೆದಾಟ ಕಡಿಮೆ.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ನಮೂನೆ 25ರಲ್ಲಿ ಅರ್ಜಿ ಕೊಟ್ಟು, ಕಾರನ್ನು ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಎಪ್ರಿಲ್‌ನಲ್ಲಿ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರುಗಳಿಗೆ 10,000 ರೂಪಾಯಿ. ಇದರ ಮೇಲೆ ಹಸಿರು ತೆರಿಗೆ, ವಿಳಂಬದ ದಂಡ ಬೇರೆ. ಟ್ಯಾಕ್ಸಿಯಾಗಿದ್ದ ಕಾರಾದರೆ ಪರ್ಮಿಟ್ ಒಪ್ಪಿಸಿ, ಬಾಕಿ ತೆರಿಗೆ ಕಟ್ಟಿ, ಖಾಸಗಿಗೆ ಬದಲಾಯಿಸುವ ಕೆಲಸವೂ ಇದೆ. 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದೆಂಬ ಸುದ್ದಿ ಕೇಳಿ ಹೆದರುವವರಿದ್ದಾರೆ. ಅದು ದಿಲ್ಲಿ ಸುತ್ತಮುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ ವಿಚಾರ. ನಮ್ಮಲ್ಲಿ ನವೀಕರಿಸಿ ಓಡಿಸಬಹುದು.

ಕಾರಿಗೆ 50 ವರ್ಷ ದಾಟಿದ್ದರೆ ಇನ್ನೊಂದು ದಾರಿಯಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ 'ವಿಂಟೇಜ್' ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೂಲ ರೂಪ ಕೆಡದ ವಾಹನಕ್ಕೆ 'ವಿಎ' ಅಕ್ಷರಗಳಿರುವ ವಿಶೇಷ ನಂಬರ್ ಪ್ಲೇಟ್, 20,000 ರೂಪಾಯಿ ಶುಲ್ಕ, 10 ವರ್ಷದ ನೋಂದಣಿ. ಆದರೆ ಆ ಕಾರನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು. ಉಮ್ಮನನ್ನು ಕೂರಿಸಿಕೊಂಡು ಬಿ.ಸಿ.ರೋಡಿಗೆ ಸಾಮಾನು ತರಲು ಹೋಗುವಂತಿಲ್ಲ! ಮನೆ ಬಳಕೆಗೆ ಬೇಕಿದ್ದರೆ ಸಾಮಾನ್ಯ ನವೀಕರಣವೇ ಸರಿ. ಯಾವ ದಾರಿಯಾದರೂ ಕನಿಷ್ಠ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಗೇಟು ದಾಟಿಸಬಾರದು.

ಗುಜರಿಗೇ ಕೊಡುವುದೆಂದು ತೀರ್ಮಾನಿಸಿದರೂ ನೋಂದಣಿ ರದ್ದು ಮಾಡಿಸದೆ ಕೊಡಬೇಡಿ. ಉಪ್ಪನ ಹೆಸರಿನ ನಂಬರು ಯಾವುದೋ ಕೆಟ್ಟ ಕೆಲಸಕ್ಕೆ ಬಳಕೆಯಾದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮ ಮನೆಗೆ.

ಮೂರನೆಯ ಕೆಲಸ: ಎಂಜಿನ್

1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಮಹಿಳೆ ಗಂಡ ತಯಾರಿಸಿದ ಕಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ನೂರು ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ನ ತನ್ನ ತವರಿಗೆ ಹೊರಟಳು. ಕಾರಿನ ಚರಿತ್ರೆಯಲ್ಲಿ ಅದೇ ಮೊದಲ ದೂರ ಪ್ರಯಾಣ. ದಾರಿಯಲ್ಲಿ ಇಂಧನದ ಪೈಪು ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಇಂದು ಶೆಡ್ಡಿನಲ್ಲಿ ನಿಂತ ಕಾರಿನ ಮೊದಲ ಎರಡು ರೋಗಗಳೂ ಅವೇ, ಇಂಧನದ ದಾರಿ ಮತ್ತು ಬ್ರೇಕು. ಇವನ್ನು ತಿಳಿದುಕೊಳ್ಳಲು ಗಂಡಸೇ ಆಗಬೇಕಿಲ್ಲ.

ನಮ್ಮ ಊರಿನ ಹವೆ ಕಾರಿಗೆ ಶತ್ರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಟರ್ಪಾಲನ್ನು ಕಾರಿಗೆ ಒತ್ತಿ ಹೊದಿಸಿದರೆ ತೇವ ಒಳಗೇ ಉಳಿದು ತಗಡನ್ನು ತಿನ್ನುತ್ತದೆ. ಮೇಲಿನ ಬಣ್ಣ ಚೆನ್ನಾಗಿ ಕಂಡರೂ ಕಾಲಿಡುವ ಫ್ಲೋರು, ಬಾಗಿಲಿನ ಕೆಳಭಾಗ ಟೊಳ್ಳಾಗಿರುತ್ತದೆ. ಮ್ಯಾಟ್ ಎತ್ತಿ ನೋಡಿದರೆ ನಿಜ ಸ್ಥಿತಿ ಗೊತ್ತಾಗುತ್ತದೆ.

ಹುಮ್ಮಸ್ಸಿನಿಂದ ಹೊಸ ಬ್ಯಾಟರಿ ತಂದು ಸೆಲ್ಫ್ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಮಾಡಬಾರದು. ವರ್ಷಗಟ್ಟಲೆ ನಿಂತ ಎಂಜಿನ್‌ನೊಳಗೆ ಎಣ್ಣೆಯ ಪದರ ಒಣಗಿರುತ್ತದೆ. ಪಿಸ್ಟನ್ ಹಿಡಿದುಕೊಂಡಿದ್ದರೆ ಮುರಿದು ದೊಡ್ಡ ಖರ್ಚು. ಸರಿಯಾದ ಕ್ರಮ ಹೀಗಿದೆ:

• ಬಾನೆಟ್ ಎತ್ತುವ ಮೊದಲು ಕೋಲಿನಿಂದ ತಟ್ಟಿ. ಹಾವು, ಚೇಳು ಇರಬಹುದು. ಇಲಿ ಕಚ್ಚಿದ ವಯರುಗಳನ್ನು ಬದಲಾಯಿಸದೆ ಬ್ಯಾಟರಿ ಜೋಡಿಸಬೇಡಿ, ಬೆಂಕಿ ಹತ್ತೀತು.

• ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ. ಅದು ಅಂಟಾಗಿ ಟ್ಯಾಂಕು, ಪಂಪು, ಕಾರ್ಬೊರೇಟರುಗಳನ್ನು ಕಟ್ಟಿರುತ್ತದೆ. ಮೂರನ್ನೂ ತೊಳೆಸಿ.

• ಎಂಜಿನ್ ಆಯಿಲ್ ಬದಲಾಯಿಸಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಒಂದೆರಡು ದಿನ ಕಾದು, ಕೈಯಿಂದ ಮೆಲ್ಲಗೆ ತಿರುಗಿಸಿ. ಹಳೆಯ ಅಂಬಾಸಿಡರ್ ಆದರೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಸಲೀಸಾಗಿ ತಿರುಗಿದರೆ ಎಂಜಿನ್‌ಗೆ ಜೀವವಿದೆ.

• ಬ್ರೇಕಿನ ಎಲ್ಲ ರಬ್ಬರು, ಪೈಪು, ಆಯಿಲ್ ಹೊಸದಾಗಿರಲಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವುದುಂಟು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಗಾಳಿ ಹೊಡೆದು ಹಾರಿಸಬಾರದು, ಮಕ್ಕಳನ್ನು ದೂರವಿಡಿ.

• ಟಯರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷದ ಅಂಕೆಗಳಿರುತ್ತವೆ. ನಾಲ್ಕರ ಬದಲು ಮೂರೇ ಅಂಕೆಯಿದ್ದರೆ ಅದು 2000ಕ್ಕಿಂತ ಹಿಂದಿನದು. ಗೆರೆ ಎಷ್ಟೇ ದಪ್ಪವಿದ್ದರೂ ಬಿಸಾಡಿ.

• ಮೊದಲ ಸಲ ಸ್ಟಾರ್ಟ್ ಮಾಡುವಾಗ ಕಾರು ಶೆಡ್ಡಿನ ಹೊರಗಿರಲಿ. ಮುಚ್ಚಿದ ಜಾಗದಲ್ಲಿ ಹೊಗೆ ಪ್ರಾಣ ತೆಗೆಯಬಲ್ಲದು.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. 2000ದ ಫೆಬ್ರವರಿಯಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ ಸಿಗುತ್ತಿದೆ. 2025ರ ಹೊತ್ತಿಗೆ ಅದರಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿದೆ. ಎಥೆನಾಲ್ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆತ್ತಗೆ ಮಾಡುತ್ತದೆ. ಆದ್ದರಿಂದ ಇಂಧನದ ಪೈಪು, ವಾಷರುಗಳನ್ನು ಎಥೆನಾಲ್ ತಾಳುವಂಥವುಗಳಿಗೆ ಬದಲಾಯಿಸಿ. ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಹದಿನೈದು ದಿನಕ್ಕೊಮ್ಮೆಯಾದರೂ ಹತ್ತು ಕಿಲೋಮೀಟರ್ ಓಡಿಸಿ. ನಿಲ್ಲಿಸಿ ಹಾಳಾಗುವಷ್ಟು ಕಾರು ಓಡಿಸಿ ಹಾಳಾಗುವುದಿಲ್ಲ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಪುದುಪೇಟೆ ಹೆಸರಾದ ಜಾಗಗಳು. ಆದರೆ ಅದಕ್ಕಿಂತ ದೊಡ್ಡ ಸಂಪತ್ತು ನಮ್ಮ ಊರಿನ ಹಿರಿಯ ಮೆಕ್ಯಾನಿಕ್‌ಗಳು. ಕಾರ್ಬೊರೇಟರಿನ ಶಬ್ದ ಕೇಳಿಯೇ ರೋಗ ಹೇಳಬಲ್ಲ ಆ ಕಾಕಂದಿರ ಕೈ ನಡುಗುವ ಮೊದಲೇ ಒಬ್ಬ ಹುಡುಗನನ್ನು ಅವರ ಪಕ್ಕದಲ್ಲಿ ನಿಲ್ಲಿಸಿ ಕಲಿಸಬೇಕು.

ಖರ್ಚಿಗೊಂದು ಬೇಲಿ

ಬ್ರೇಕು, ಎಂಜಿನ್, ವಯರಿಂಗ್ ಮೊದಲು. ತುಕ್ಕಿನ ಕೆಲಸ ಆಮೇಲೆ. ಬಣ್ಣ, ಸೀಟು, ಹೊಳೆಯುವ ಕ್ರೋಮ್ ಕೊನೆಗೆ. ಹೆಚ್ಚಿನವರು ಇದನ್ನು ತಿರುವು ಮುರುವು ಮಾಡುತ್ತಾರೆ. ಬಣ್ಣ ಬಳಿದ ಕಾರಿನ ಫೋಟೋ ಎಲ್ಲರಿಗೂ ಹೋಗುತ್ತದೆ, ಕಾರು ಮಾತ್ರ ಶೆಡ್ಡಿನಲ್ಲೇ ಇರುತ್ತದೆ! 1994ಕ್ಕೆ ಮೊದಲಿನ ಕಾರುಗಳಲ್ಲಿ ಸಾಮಾನ್ಯವಾಗಿ ಸೀಟ್ ಬೆಲ್ಟ್ ಇರುವುದಿಲ್ಲ. ಮಕ್ಕಳನ್ನು ಕೂರಿಸುವುದಾದರೆ ಬಣ್ಣಕ್ಕಿಂತ ಮೊದಲು ಅದನ್ನು ಹಾಕಿಸಿ.

ಹಳೆಯ ಕಾರು ಬಾವಿಯಂತೆ, ಎಷ್ಟು ಸುರಿದರೂ ತುಂಬುವುದಿಲ್ಲ. ಆರಂಭಿಸುವ ಮೊದಲೇ ಒಂದು ಮೊತ್ತ ನಿಗದಿಪಡಿಸಿ. ಹೆಂಡತಿಯ ಚಿನ್ನ ಅಡವಿಟ್ಟು, ಮಗಳ ಕಾಲೇಜು ಫೀಸಿನ ಹಣ ತೆಗೆದು, ಬಡ್ಡಿಗೆ ಸಾಲ ಮಾಡಿ ಕಾರು ಮಾಡಿಸುವುದು ತಂದೆಯ ಮೇಲಿನ ಪ್ರೀತಿಯಲ್ಲ. ಉಪ್ಪ ಆ ಕಾರು ಓಡಿಸಿದ್ದು ಇದೇ ಮಕ್ಕಳ ಹೊಟ್ಟೆಗಾಗಿ.

ಎಲ್ಲ ಕಾರುಗಳನ್ನೂ ಉಳಿಸಲಾಗದು. ಚಾಸಿಸೇ ತಿಂದುಹೋಗಿದ್ದರೆ ಬಿಟ್ಟುಬಿಡುವುದು ಜಾಣತನ. ಹಳೆಯ ಕಾರುಗಳನ್ನು ಹೇಗೆ ಕಾಪಾಡುತ್ತಾರೆಂದು ನೋಡಲು ದೂರ ಹೋಗಬೇಕಿಲ್ಲ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಕಾರುಗಳ ದೊಡ್ಡ ಮ್ಯೂಸಿಯಂ ಇದೆ. ಶ್ರೀರಂಗಪಟ್ಟಣದ ಸಮೀಪ 'ಪಯಣ' ಎಂಬ ಇನ್ನೊಂದು ಮ್ಯೂಸಿಯಂ ಕೂಡಾ ತೆರೆದಿದೆ. ರಜೆಯಲ್ಲಿ ಮಕ್ಕಳನ್ನು ಕರೆದೊಯ್ದರೆ ಅವರ ಅಜ್ಜ ಎಂಥ ಕಾಲದಲ್ಲಿ ಸ್ಟೇರಿಂಗ್ ಹಿಡಿದಿದ್ದರು ಎಂದು ಅರ್ಥವಾದೀತು.

ಮ್ಯೂಸಿಯಮ್ಮಿನ ಕಾರಿಗೆ ಕಾಯುವವರಿರುತ್ತಾರೆ. ಮನೆಯ ಕಾರಿಗೆ ಮನೆಯವರೇ ಕಾವಲು. ಆದ್ದರಿಂದ ಮುಂದಿನ ಸಲ ಅಣ್ಣ ತಮ್ಮಂದಿರು ಊರಿಗೆ ಬಂದು ಎಲ್ಲರೂ ಒಟ್ಟಾದಾಗ, ಬಾನೆಟ್ ಎತ್ತುವ ಮೊದಲು ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ಉಮ್ಮನ ಹೆಸರಿನಿಂದ ಆರಂಭಿಸಿ ಹಕ್ಕುದಾರರೆಲ್ಲರ ಹೆಸರು ಬರೆಯಿರಿ. ಆ ಪಟ್ಟಿಯ ಲೆಕ್ಕ ಚುಕ್ತಾ ಆದ ಮೇಲೆ ಮೆಕ್ಯಾನಿಕ್‌ಗೆ ಫೋನ್ ಮಾಡಿದರಾಯಿತು.